ಡಾ. ವಸಂತ ರಾಮ್‌ಜಿ ಖಾನೋಲ್ಕರ್: ಜೀವನ ಮತ್ತು ಶೋಧ

ಮುಂಬಯಿ ವಿಶ್ವವಿದ್ಯಾನಿಲಯದ ಉಪಕುಲಪತಿಗಳ ಪಟ್ಟಿಯಲ್ಲಿ 1960ರಿಂದ 1963ರವರೆಗೆ ಒಬ್ಬ ವೈದ್ಯವಿಜ್ಞಾನಿಯ ಹೆಸರಿದೆ. ಭಾಷೆ, ಸಾಹಿತ್ಯಗಳ ಅಭ್ಯಾಸಿಗಳಾದ ನಾವು ಅಂಥ ಹೆಸರುಗಳನ್ನು ಆಡಳಿತಗಾರರ ಸಾಲಿನಲ್ಲಿಟ್ಟು ಮುಂದೆ ಸಾಗುವುದೇ ಹೆಚ್ಚು. ನಾನು ವಾಸವಾಗಿರುವ ಕಾಮೋಠೆಗೆ ಸಮೀಪದ ಖಾರ್ಘರದಲ್ಲಿ, ಟಾಟಾ ಸ್ಮಾರಕ ಕೇಂದ್ರದ ಕ್ಯಾನ್ಸರ್ ಸಂಶೋಧನ ಸಂಸ್ಥೆಯ ಆವರಣದಲ್ಲಿ ‘ಖಾನೋಲ್ಕರ್ ಶೋಧಿಕಾ’ ಎಂಬ ಕಟ್ಟಡವಿದೆ. ಆ ಹೆಸರೇ ಈ ಲೇಖನಕ್ಕೆ ಪ್ರೇರಣೆಯಾಯಿತು. ರೋಗಕ್ಕೆ ತುತ್ತಾದ ಜೀವಕೋಶವನ್ನು ಪರೀಕ್ಷಿಸುವಾಗ ಆ ಜೀವಕೋಶದ ಒಡೆಯನಾದ ಮನುಷ್ಯನನ್ನು ಮರೆಯದ ಸಂಶೋಧಕರಲ್ಲಿ ಖಾನೋಲ್ಕರರು ಅಗ್ರಗಣ್ಯರು ಎಂಬುದು ನನ್ನ ತಿಳಿವಳಿಕೆ.

ಖಾನೋಲ್ಕರರು ಜನಿಸಿದ್ದು 1895ರ ಏಪ್ರಿಲ್ 13ರಂದು, ಗೋಮಂತಕ ಮೂಲದ ಮರಾಠಾ ಕುಟುಂಬವೊಂದರಲ್ಲಿ. ಲಂಡನ್ ವಿಶ್ವವಿದ್ಯಾನಿಲಯದಿಂದ 1923ರಲ್ಲಿ ಪೆಥಾಲಜಿಯಲ್ಲಿ ಎಂ.ಡಿ. ಪದವಿ ಪಡೆದು ಮರಳಿದ ಅವರು ಮುಂಬಯಿಯ ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿಯೂ ಸೇಠ್ ಜಿ. ಎಸ್. ವೈದ್ಯಕೀಯ ಕಾಲೇಜಿನಲ್ಲಿಯೂ ಅಧ್ಯಾಪನ ಮಾಡಿದರು. ಪೆಥಾಲಜಿಯನ್ನು ಕನ್ನಡದಲ್ಲಿ ರೋಗನಿದಾನಶಾಸ್ತ್ರ ಎನ್ನುವ ರೂಢಿಯುಂಟು. ನಮ್ಮ ವಿದ್ಯಾರ್ಥಿಗಳು ‘ನಿದಾನ’ವನ್ನು ‘ನಿಧಾನ’ ಎಂದು ಬರೆಯುವುದೂ ಅದನ್ನು ನಾವು ಕೆಂಪು ಶಾಯಿಯಲ್ಲಿ ತಿದ್ದುವುದೂ ತಪ್ಪಿದ್ದಲ್ಲ. ಈ ಶಾಸ್ತ್ರದ ಮಟ್ಟಿಗೆ ಎರಡು ಮಾತೂ ಸಲ್ಲುತ್ತವೆ. ರೋಗಿಯ ದೇಹದಿಂದ ತೆಗೆದ ಅಂಗಾಂಶದ ಚೂರನ್ನು ಗಟ್ಟಿಗೊಳಿಸಿ, ಮೇಣದಲ್ಲಿ ಹುದುಗಿಸಿ, ಕೂದಲೆಳೆಗಿಂತ ತೆಳ್ಳನೆಯ ಪದರಗಳಾಗಿ ಕೊಯ್ದು, ಬಣ್ಣ ಹಿಡಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಓದುವ ಆ ಕೆಲಸಕ್ಕೆ ಅವಸರ ಒಗ್ಗದು.

1941ರ ಫೆಬ್ರವರಿ 28ರಂದು ಪರೇಲಿನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಆರಂಭವಾಯಿತು. ಅದೇ ವರ್ಷ ಖಾನೋಲ್ಕರರು ಅದರ ಪ್ರಯೋಗಾಲಯಗಳ ನಿರ್ದೇಶಕರಾದರು. ಅವರ ಜೀವನದ ಫಲವತ್ತಾದ ಕಾಲ ಇಲ್ಲಿಂದ ಮೊದಲಾಗುತ್ತದೆ. 1944ರಲ್ಲಿ ಅವರು ಮುಂಬಯಿಯ ಬಾಯಿ ಕ್ಯಾನ್ಸರಿನ ಒಂದು ಸಾವಿರ ರೋಗಿಗಳ ವಿವರಗಳನ್ನು ಪರಿಶೀಲಿಸಿದ ಪ್ರಬಂಧವನ್ನು ಪ್ರಕಟಿಸಿದರು. ಮರುವರ್ಷ ಬಿ. ಸೂರ್ಯಾಬಾಯಿಯವರೊಡನೆ ಬರೆದ ಪ್ರಬಂಧವು, ಜನರ ರೂಢಿಗಳಿಂದ ಹುಟ್ಟುವ ಮೂರು ಬಗೆಯ ಕ್ಯಾನ್ಸರುಗಳನ್ನು ಕುರಿತದ್ದು. ಕಾಶ್ಮೀರದಲ್ಲಿ ಚಳಿ ಕಾಯಲು ಮೈಗೆ ತಗುಲಿಸಿಕೊಳ್ಳುವ ಕಂಗ್ಡಿ ಎಂಬ ಕೆಂಡದ ಮಡಕೆಯಿಂದ ಚರ್ಮದ ಕ್ಯಾನ್ಸರ್ ಬರುವುದು ಹತ್ತೊಂಬತ್ತನೆಯ ಶತಮಾನದಲ್ಲಿಯೇ ತಿಳಿದಿತ್ತು. ಖಾನೋಲ್ಕರರು ಆ ದಾರಿಯಲ್ಲಿ ಬಹುದೂರ ಸಾಗಿದರು. ಸೊಂಟಕ್ಕೆ ಬಿಗಿಯಾಗಿ ಕಟ್ಟಿದ ಧೋತರ ವರ್ಷಗಟ್ಟಲೆ ಉಜ್ಜಿದ ಜಾಗದಲ್ಲಿ ಹುಟ್ಟುವ ಕ್ಯಾನ್ಸರ್ ಒಂದು. ಉರಿಯುವ ತುದಿಯನ್ನು ಬಾಯೊಳಗಿಟ್ಟು ಚುಟ್ಟಾ ಸೇದುವವರ ಅಂಗುಳಿನ ಕ್ಯಾನ್ಸರ್ ಇನ್ನೊಂದು. ತೆಲುಗು ಕರಾವಳಿಯಲ್ಲಿ, ಹೆಚ್ಚಾಗಿ ಹೆಂಗಸರಲ್ಲಿ, ಈ ಅಭ್ಯಾಸವಿತ್ತು. ಹೊಗೆಸೊಪ್ಪಿಗೆ ಸುಣ್ಣ ತಿಕ್ಕಿ ಕೆಳದುಟಿಯ ಒಳಗೆ ಒತ್ತಿಟ್ಟುಕೊಳ್ಳುವ ಖೈನಿಯಿಂದ ಬರುವುದು ಮೂರನೆಯದು.

ಮೂರರಲ್ಲಿಯೂ ಕಾಣುವ ಸಾಮ್ಯವನ್ನು ಗಮನಿಸಬೇಕು. ಕೆರಳಿಸುವ ವಸ್ತು ಎಲ್ಲಿ ತಗಲುತ್ತದೆಯೋ ಅಲ್ಲಿಯೇ ಜೀವಕೋಶ ಹದ ತಪ್ಪುತ್ತದೆ. ಸೂಕ್ಷ್ಮದರ್ಶಕವು ಜೀವಕೋಶ ಕೆಟ್ಟಿದೆಯೆಂದು ಮಾತ್ರ ಹೇಳಬಲ್ಲದು. ಏಕೆ ಕೆಟ್ಟಿತೆಂಬುದನ್ನು ರೋಗಿಯ ಉಡುಗೆ, ಊಟ, ಚಟಗಳಲ್ಲಿ ಹುಡುಕಬೇಕಾಗುತ್ತದೆ. ಎಲ್. ಡಿ. ಸಂಘ್ವಿ ಮತ್ತು ಕೆ. ಸಿ. ಎಂ. ರಾವ್ ಅವರೊಡಗೂಡಿ 1955ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಖಾನೋಲ್ಕರರು ಈ ವಿಧಾನವನ್ನು ಅಂಕಿಸಂಖ್ಯೆಗಳ ಕಟ್ಟಿಗೆ ಒಳಪಡಿಸಿದರು. ರೋಗಿಗಳನ್ನೂ ಆ ರೋಗವಿಲ್ಲದವರನ್ನೂ ಹೋಲಿಸಿ ನೋಡಿದಾಗ, ಹೊಗೆಸೊಪ್ಪು ಜಗಿಯುವವರಲ್ಲಿ ಬಾಯಿಯ ಮುಂಭಾಗದ ಕ್ಯಾನ್ಸರೂ ಬೀಡಿ ಸೇದುವವರಲ್ಲಿ ನಾಲಗೆಯ ಬುಡ ಹಾಗೂ ಗಂಟಲಿನ ಕ್ಯಾನ್ಸರೂ ಹೆಚ್ಚೆಂಬುದು ಕಂಡುಬಂದಿತು.

ಇಂಥ ಅಧ್ಯಯನದ ಬೆನ್ನಿಗೆ ಸಾವಿರಾರು ಪ್ರಶ್ನೋತ್ತರಗಳಿರುತ್ತವೆ. ನಿಪ್ಪಾಣಿಯ ಕಡೆಯಿಂದ ಮುಂಬಯಿಯ ಗಿರಣಿಗೆ ಬಂದಿದ್ದ ನನ್ನ ಸೋದರಮಾವನವರಿಗೆ ಕೆನ್ನೆಯೊಳಗೆ ಹುಣ್ಣಾದಾಗ ನಾನು ಆಸ್ಪತ್ರೆಯೊಂದಕ್ಕೆ ಕರೆದೊಯ್ದಿದ್ದೆ. ದಿನಕ್ಕೆ ಎಷ್ಟು ಸಲ ಎಲೆ ಅಡಿಕೆ, ಅದರಲ್ಲಿ ಹೊಗೆಸೊಪ್ಪು ಎಷ್ಟು, ಯಾವ ದವಡೆಗೆ ಇಟ್ಟುಕೊಳ್ಳುವುದು, ರಾತ್ರಿ ಅದನ್ನು ಬಾಯಲ್ಲಿಟ್ಟುಕೊಂಡೇ ಮಲಗುವುದುಂಟೆ ಎಂದು ಅಲ್ಲಿಯ ತರುಣ ವೈದ್ಯರು ಕೇಳುತ್ತ ಹೋದಾಗ, ಇವರೇನು ಪೊಲೀಸರೇ ಎಂದು ಮಾವನವರು ಸಿಡುಕಿದ್ದು ನೆನಪಿದೆ. ಹುಣ್ಣು ಎಡಗೆನ್ನೆಯಲ್ಲಿತ್ತು, ಅವರು ಕವಳ ಇಟ್ಟುಕೊಳ್ಳುತ್ತಿದ್ದದ್ದೂ ಅಲ್ಲಿಯೇ. ಆ ಪ್ರಶ್ನೆಗಳಿಗೊಂದು ವಂಶಾವಳಿಯಿದೆಯೆಂಬುದು ನನಗೆ ಆಗ ಗೊತ್ತಿರಲಿಲ್ಲ.

ರೂಢಿಯಷ್ಟೇ ಕಾರಣವೇ, ರಕ್ತದಲ್ಲಿ ಬಂದದ್ದು ಏನೂ ಇಲ್ಲವೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ತಮ್ಮತಮ್ಮೊಳಗೇ ಮದುವೆಯಾಗುವ ಹಲವು ಸಮುದಾಯಗಳು ಒಂದೇ ನಗರದಲ್ಲಿ ನೆಲೆಸಿದ್ದ ಮುಂಬಯಿ ಇದಕ್ಕೆ ತಕ್ಕ ಕ್ಷೇತ್ರವಾಗಿತ್ತು. 1950ರಲ್ಲಿಯೇ ಖಾನೋಲ್ಕರರೂ ಸಂಘ್ವಿಯವರೂ ಇಂಥ ಆರು ಗುಂಪುಗಳಲ್ಲಿ ಏಳು ಆನುವಂಶಿಕ ಲಕ್ಷಣಗಳ ಹಂಚಿಕೆಯನ್ನು ಪ್ರಕಟಿಸಿದ್ದರು. ಜಾತಿಯನ್ನು ಅಳೆಯುವ ಯಾವ ವಿಜ್ಞಾನವನ್ನೂ ನಾನು ಸಂದೇಹದಿಂದಲೇ ಓದುತ್ತೇನೆ. ರಕ್ತದ ಗುಂಪುಗಳ ಪ್ರಮಾಣದಲ್ಲಿರುವ ವ್ಯತ್ಯಾಸವನ್ನು ಮೇಲು ಕೀಳುಗಳಿಗೆ ಆಧಾರವಾಗಿಸುವ ಜನ ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಆದರೆ ಈ ಅಧ್ಯಯನದಲ್ಲಿ ಜಾತಿಯೆಂಬುದು ವಿವಾಹದ ಗಡಿ, ಯೋಗ್ಯತೆಯ ಮೆಟ್ಟಿಲಲ್ಲ. ಆ ಭೇದವನ್ನು ಮರೆತು ಓದಿದರೆ ತಪ್ಪು ಓದುಗನದು.

ಖಾನೋಲ್ಕರರ ಇನ್ನೊಂದು ಆಸಕ್ತಿಯ ವಿಷಯ ಕುಷ್ಠರೋಗ. ಅದರ ತೀರ ಆರಂಭದ ಕಲೆಗಳಿಂದ ಚರ್ಮದ ಚೂರುಗಳನ್ನು ತೆಗೆದು ಪರೀಕ್ಷಿಸಿ, ರೋಗಾಣುವಿಗೂ ನರತಂತುಗಳಿಗೂ ಇರುವ ನಿಕಟ ಸಂಬಂಧವನ್ನು ಅವರು 1951ರ ವರದಿಯಲ್ಲಿ ನಿರೂಪಿಸಿದರು. 1958ರಲ್ಲಿ ಸಿ. ವಿ. ಬಾಪಟ್, ಕಮಲ್ ರಣದಿವೆ ಇವರೊಡನೆ, ಕುಷ್ಠರೋಗಿಯ ಅಂಗಾಂಶದಿಂದ ಒಂದು ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿದ್ದಾಗಿ ಪ್ರಕಟಿಸಿದರು. ಇದು ಕುಷ್ಠದ ರೋಗಾಣುವೇ ಆಗಿದ್ದರೆ ಅದೊಂದು ಯುಗಪ್ರವರ್ತಕ ಸಾಧನೆಯಾಗುತ್ತಿತ್ತು. ವಿಜ್ಞಾನಲೋಕ ಹಾಗೆಂದು ಒಪ್ಪಲಿಲ್ಲ. ಕುಷ್ಠದ ರೋಗಾಣುವನ್ನು ಕೃತಕ ಮಾಧ್ಯಮದಲ್ಲಿ ಬೆಳೆಸುವುದು ಇಂದಿಗೂ ಯಾರಿಗೂ ಸಾಧ್ಯವಾಗಿಲ್ಲ. ಅಂದು ಬೆಳೆದದ್ದು ಬೇರೊಂದು ಸಂಬಂಧಿ ಜೀವಿಯೆಂದು ಮುಂದೆ ತಿಳಿದುಬಂದರೂ, ಅದರಿಂದಲೇ ತಯಾರಿಸಿದ ಲಸಿಕೆ 1990ರ ದಶಕದಲ್ಲಿ ದಕ್ಷಿಣ ಭಾರತದಲ್ಲಿ ನಡೆದ ಪರೀಕ್ಷೆಯಲ್ಲಿ ಗಣನೀಯ ರಕ್ಷಣೆಯನ್ನು ತೋರಿಸಿತು. ಜೀವನಚರಿತ್ರಕಾರರು ಇಂಥ ಪ್ರಸಂಗಗಳನ್ನು ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ. ಸನ್ಮಾನಗಳ ಪಟ್ಟಿಗಿಂತ ಇವು ಹೆಚ್ಚು ಹೇಳುತ್ತವೆ. ಪದ್ಮಭೂಷಣ, ರಾಷ್ಟ್ರೀಯ ಪ್ರಾಧ್ಯಾಪಕತ್ವ, ಅಂತಾರಾಷ್ಟ್ರೀಯ ಕ್ಯಾನ್ಸರ್ ಒಕ್ಕೂಟದ ಅಧ್ಯಕ್ಷತೆ ಎಲ್ಲವೂ ಅವರಿಗೆ ಸಂದವು.

ಖಾನೋಲ್ಕರರ ನೇತೃತ್ವದಲ್ಲಿ 1952ರಲ್ಲಿ ಸ್ಥಾಪನೆಗೊಂಡ ಭಾರತೀಯ ಕ್ಯಾನ್ಸರ್ ಸಂಶೋಧನ ಕೇಂದ್ರವು 1962ರಲ್ಲಿ ಪರಮಾಣು ಶಕ್ತಿ ಇಲಾಖೆಗೆ ಸೇರಿತು. 1966ರಲ್ಲಿ ಆಸ್ಪತ್ರೆಯೊಡನೆ ಒಂದಾಗಿ ಟಾಟಾ ಸ್ಮಾರಕ ಕೇಂದ್ರದ ಅಂಗವಾಯಿತು. ಅವರು ತೀರಿಕೊಂಡದ್ದು 1978ರ ಅಕ್ಟೋಬರ್ 29ರಂದು. ಪ್ರಯೋಗಾಲಯಗಳು ಪರೇಲಿನಿಂದ ಖಾರ್ಘರಕ್ಕೆ ಬಂದದ್ದು 2002ರಲ್ಲಿ.

ಖಾರ್ಘರದ ಸಂಶೋಧಕರೂ ಬಂಗಾಳದ ಕಲ್ಯಾಣಿಯ ಸಂಶೋಧಕರೂ ಕೂಡಿ 2013ರಲ್ಲಿ ಒಸಡು ಮತ್ತು ಕೆನ್ನೆಯ ಕ್ಯಾನ್ಸರಿನ ವಂಶವಾಹಿಗಳ ಅಧ್ಯಯನವೊಂದನ್ನು ಪ್ರಕಟಿಸಿದರು. ಮೊದಲು 50 ರೋಗಿಗಳ, ಬಳಿಕ ಇನ್ನೂ 60 ಮಂದಿಯ ಗಡ್ಡೆಗಳಲ್ಲಿನ ಡಿಎನ್ಎಯನ್ನು ಅದೇ ರೋಗಿಯ ಆರೋಗ್ಯವಂತ ಜೀವಕೋಶದ ಡಿಎನ್ಎಯೊಡನೆ ಇಟ್ಟು ಹೋಲಿಸಿದಾಗ, ಮತ್ತೆ ಮತ್ತೆ ಕೆಡುತ್ತಿದ್ದ ಹತ್ತು ವಂಶವಾಹಿಗಳು ದೊರೆತವು. ಅವುಗಳಲ್ಲಿ ಐದು ಈ ರೋಗದಲ್ಲಿ ಹಿಂದೆ ಗುರುತಿಸದಿದ್ದಂಥವು. ಪಾಠಾಂತರಗಳನ್ನು ಎದುರುಬದುರಿಟ್ಟು ನೋಡುವ ಗ್ರಂಥಸಂಪಾದಕರಿಗೆ ಈ ವಿಧಾನ ಅಪರಿಚಿತವೆನಿಸದು. ಎಲ್ಲಿ ತಿದ್ದುಪಡಿಯಾಗಿದೆ ಎಂಬುದನ್ನು ಈಗ ಅಕ್ಷರ ಅಕ್ಷರವಾಗಿ ಓದಬಹುದಾಗಿದೆ. ಒಂದೇ ಬಗೆಯ ಕವಳವನ್ನು ಅಷ್ಟೇ ವರ್ಷ ಹಾಕಿದ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಏಕೆ ರೋಗ ಬರುತ್ತದೆ ಎಂಬ ಪ್ರಶ್ನೆ ಇಂದಿಗೂ ಪೂರ್ಣವಾಗಿ ಬಗೆಹರಿದಿಲ್ಲ. ಅದಕ್ಕೆ ಉತ್ತರ ಹುಡುಕುವವರು ರೋಗಿಯನ್ನು ಕೂರಿಸಿಕೊಂಡು ಏನು ಜಗಿಯುತ್ತೀರಿ, ಎಷ್ಟು ವರ್ಷದಿಂದ, ಯಾವ ಕೆನ್ನೆಯಲ್ಲಿ ಎಂದು ಈಗಲೂ ಕೇಳಬೇಕಾಗಿದೆ.