ಶೃಂಗೇರಿಯ ಕಡತ ಬಿಚ್ಚಿದ ಆರ್. ನರಸಿಂಹಾಚಾರ್ಯರು

ಯುದ್ಧದ ಸುದ್ದಿ ಹೆಚ್ಚಾಗಿ ಗೆದ್ದವರ ಬಾಯಿಂದಲೇ ಬರುತ್ತದೆ. ಸೋತವರ, ನೊಂದವರ ಮಾತು ಎಲ್ಲೋ ಕಡತಗಳಲ್ಲಿ ಉಳಿದುಬಿಡುತ್ತದೆ. ಅಂಥದೊಂದು ಕಡತವನ್ನು ಬೆಳಕಿಗೆ ತಂದವರು ರಾವ್ ಬಹದ್ದೂರ್ ಆರ್. ನರಸಿಂಹಾಚಾರ್ಯರು.

1860ರಲ್ಲಿ ಜನಿಸಿದ ಇವರು ಕನ್ನಡದಲ್ಲಿ ಎಂ.ಎ. ಪಡೆದ ಮೊದಲಿಗರೆಂದು ಪ್ರಸಿದ್ಧರು. ಬಿ. ಎಲ್. ರೈಸ್ ನಿವೃತ್ತರಾದ ಬಳಿಕ ಮೈಸೂರು ಪುರಾತತ್ವ ಇಲಾಖೆಯ ಹೊಣೆ ಹೊತ್ತರು. ಕರ್ನಾಟಕ ಕವಿಚರಿತೆಯ ಮೂರು ಸಂಪುಟಗಳು ಇವರ ಶಾಶ್ವತ ಕೊಡುಗೆ. 1918ರಲ್ಲಿ ಧಾರವಾಡದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು.

1790ರಿಂದ 1792ರವರೆಗೆ ಈಸ್ಟ್ ಇಂಡಿಯಾ ಕಂಪನಿ, ಮರಾಠರು ಮತ್ತು ನಿಜಾಮರು ಒಟ್ಟಾಗಿ ಟಿಪ್ಪು ಸುಲ್ತಾನನ ಮೈಸೂರಿನ ಮೇಲೆ ಯುದ್ಧ ಹೂಡಿದರು. ಲಂಡನ್ನಿನ ಜನ ಈ ಯುದ್ಧವನ್ನು ಅರಿತದ್ದು ಕಂಪನಿಯ ಅಧಿಕಾರಿಗಳ ಬರಹಗಳಿಂದ. ಮೇಜರ್ ಡಿರೋಮನ ವೃತ್ತಾಂತ 1793ರಲ್ಲಿ ಅಲ್ಲಿ ಅಚ್ಚಾಯಿತು. ಟಿಪ್ಪುವಿನ ಇಬ್ಬರು ಬಾಲಕರನ್ನು ಒತ್ತೆಯಾಗಿ ಪಡೆದ ಪ್ರಸಂಗವನ್ನು ಚಿತ್ರಕಾರರು ಕಾರ್ನ್‌ವಾಲಿಸನ ದಯೆಯೆಂಬಂತೆ ಬರೆದರು.

ಆದರೆ 1791ರಲ್ಲಿ ಮರಾಠಾ ಸವಾರರು ಶೃಂಗೇರಿಯನ್ನು ಲೂಟಿ ಮಾಡಿದ್ದರು. ಜನರು ಪ್ರಾಣ ಕಳೆದುಕೊಂಡರು. ಶಾರದಾ ದೇವಿಯ ಮೂರ್ತಿ ಸ್ಥಾನಪಲ್ಲಟವಾಯಿತು. ಸ್ವಾಮಿಗಳು ಘಟ್ಟವಿಳಿದು ನಮ್ಮ ಕಾರ್ಕಳದಲ್ಲಿ ಆಶ್ರಯ ಪಡೆದರು. ಇದರ ಸಾಕ್ಷ್ಯ ಮಠದಲ್ಲೇ ಭದ್ರವಾಗಿತ್ತು. ಕೊಪ್ಪ, ನರಸಿಂಹರಾಜಪುರಗಳ ನೆರೆಯ ಈ ಮಠದಲ್ಲಿ 1916ರಲ್ಲಿ ನರಸಿಂಹಾಚಾರ್ಯರು ಟಿಪ್ಪು ಸ್ವಾಮಿಗಳಿಗೆ ಬರೆಸಿದ ಕನ್ನಡ ಪತ್ರಗಳನ್ನು ಗುರುತಿಸಿ ಪ್ರಕಟಪಡಿಸಿದರು. ದಾಳಿಯನ್ನು ಖಂಡಿಸಿ, ಪುನಃಪ್ರತಿಷ್ಠೆಗೆ ಹಣ, ಧಾನ್ಯ ಕೊಡಿಸಿದ ಸಂಗತಿ ಅವುಗಳಲ್ಲಿದೆ. ಶತ್ರುನಾಶಕ್ಕಾಗಿ ಜಪ ಮಾಡಿಸುವಂತೆ ಕೋರಿದ್ದೂ ಇದೆ. ಹಾಗಾಗಿ ಅವು ಭಕ್ತಿಯಷ್ಟೇ ಅಲ್ಲ, ರಾಜಕಾರಣವೂ ಹೌದು.

ಕರಾವಳಿಯ ಕ್ರೈಸ್ತರಾದ ನಮಗೆ ಈ ಪತ್ರಗಳನ್ನು ಓದುವುದು ಸುಲಭವಲ್ಲ. 1784ರಲ್ಲಿ ನಮ್ಮ ಹಿರಿಯರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದವನೂ ಇದೇ ಟಿಪ್ಪು. ದಾರಿಯಲ್ಲಿ, ಸೆರೆಯಲ್ಲಿ ಮಡಿದವರ ನೋವನ್ನು ಶೃಂಗೇರಿಯ ಪತ್ರಗಳು ಅಳಿಸಲಾರವು. ಆ ನೋವಿನ ಹೆಸರಿನಲ್ಲಿ ಈ ಪತ್ರಗಳನ್ನು ಬಚ್ಚಿಡುವುದೂ ನ್ಯಾಯವಲ್ಲ. ಒಂದೇ ಕಡೆಯ ಕಡತ ಹಿಡಿದು ಒಬ್ಬನನ್ನು ಸಂತನನ್ನಾಗಿಯೋ ರಾಕ್ಷಸನನ್ನಾಗಿಯೋ ಮಾಡುವುದು ಸುಲಭ. ಎರಡೂ ಕಡತಗಳನ್ನು ಜೊತೆಯಲ್ಲಿಟ್ಟು ಓದುವುದು ಕಷ್ಟ.

ನರಸಿಂಹಾಚಾರ್ಯರು 1922ರಲ್ಲಿ ನಿವೃತ್ತರಾಗಿ, 1936ರಲ್ಲಿ ನಿಧನರಾದರು. ಇಂದಿಗೂ ಬಲಿಷ್ಠ ದೇಶದ ಸೈನ್ಯ ಬಡ ದೇಶದೊಳಗೆ ನುಗ್ಗಿದಾಗ ನಮ್ಮ ಮನೆಗೆ ಮೊದಲು ತಲುಪುವುದು ನುಗ್ಗಿದವರ ವರದಿ. ಅದನ್ನು ನಂಬುವ ಮೊದಲು, ಬಾಗಿಲು ಮುರಿಸಿಕೊಂಡವರ ಕಡತದಲ್ಲಿ ಏನಿದೆಯೆಂದು ಕೇಳೋಣ.