ಸೈಕಲ್ಲಿನ ಮೂಲಪುರುಷ ಕಾರ್ಲ್ ಡ್ರೈಸ್

ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ನಮ್ಮ ಕಾಲೇಜಿನ ಹೆಬ್ಬಾಗಿಲ ಬಳಿ ನಿಂತು ನೋಡಿದರೆ, ಹೊಗೆಯುಗುಳುತ್ತ ಬರುವ ಮೋಟಾರು ಸೈಕಲ್ಲುಗಳ ಸಾಲಿನ ನಡುವೆ ಅಲ್ಲೊಂದು ಇಲ್ಲೊಂದು ಬೈಸಿಕಲ್ಲು ಸದ್ದಿಲ್ಲದೆ ಒಳಗೆ ಸರಿಯುವುದು ಕಾಣುತ್ತದೆ. ಅದಕ್ಕೆ ಪೆಟ್ರೋಲು ಬೇಡ, ಹುಲ್ಲು ಹುರುಳಿ ಬೇಡ. ಸವಾರನು ಬೆಳಿಗ್ಗೆ ತಿಂದು ಬಂದ ಎರಡು ರೊಟ್ಟಿಯೇ ಅದರ ಇಂಧನ. ಆವಿಯಂತ್ರವೆಂದೊಡನೆ ಜೇಮ್ಸ್ ವಾಟನ ಹೆಸರನ್ನೂ, ವಿಮಾನವೆಂದೊಡನೆ ರೈಟ್ ಸಹೋದರರ ಹೆಸರನ್ನೂ ಹೇಳುವ ನಾವು, ಸೈಕಲ್ಲನ್ನು ಮೊದಲು ಮಾಡಿದವನಾರೆಂದು ಯಾರಾದರೂ ಕೇಳಿದರೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತೇವೆ. ಅವನ ಹೆಸರು ಕಾರ್ಲ್ ಡ್ರೈಸ್. ತನ್ನ ಕಾಲದಲ್ಲಿ ಅವನೇನೂ ಅಜ್ಞಾತನಾಗಿರಲಿಲ್ಲ. ಯೂರೋಪಿನ ಪತ್ರಿಕೆಗಳೆಲ್ಲ ಅವನ ವಿಷಯ ಬರೆದುವು. ಆದರೆ ಆ ಕೀರ್ತಿಯು ಎಷ್ಟು ಬೇಗ ಅಪಹಾಸ್ಯವಾಗಿ ತಿರುಗಿತೆಂಬುದೇ ಅವನ ಚರಿತ್ರೆಯಲ್ಲಿ ಮನಕರಗಿಸುವ ಭಾಗ.

ಡ್ರೈಸನು 1785ನೆಯ ಇಸವಿ ಏಪ್ರಿಲ್ 29ರಂದು ಜರ್ಮನಿಯ ಬಾಡೆನ್ ಸಂಸ್ಥಾನದ ಕಾರ್ಲ್ಸ್‌ರೂಹೆ ಪಟ್ಟಣದಲ್ಲಿ ಹುಟ್ಟಿದನು. ಮನೆತನ ಸಿರಿವಂತರದಲ್ಲದಿದ್ದರೂ ಬಿರುದಾವಳಿಯುಳ್ಳದ್ದು. ಅವನೂ ಹುಟ್ಟಿನಿಂದಲೇ ಬ್ಯಾರನ್. ತಂದೆ ನ್ಯಾಯಾಧಿಪತಿ, ಮುಂದೆ ಆ ಸಂಸ್ಥಾನದ ಅತ್ಯುಚ್ಚ ನ್ಯಾಯಾಲಯದ ಮುಖ್ಯಸ್ಥನಾದವನು. ಹುಡುಗನನ್ನು ಅರಣ್ಯ ಇಲಾಖೆಗೆ ಸೇರಿಸಬೇಕೆಂದು ಮನೆಯವರು ನಿಶ್ಚಯಿಸಿದರು. ಅವನ ಚಿಕ್ಕಪ್ಪನೊಬ್ಬನು ನಡೆಸುತ್ತಿದ್ದ ಅರಣ್ಯಶಾಲೆಯಲ್ಲಿ ಕೆಲಕಾಲ ಕಲಿತು, 1803ರಿಂದ 1805ರವರೆಗೆ ಹೈಡೆಲ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಗಣಿತ, ಭೌತವಿಜ್ಞಾನ, ವಾಸ್ತುಶಿಲ್ಪಗಳನ್ನು ಓದಿದನು. ಬಳಿಕ ಅರಣ್ಯಾಧಿಕಾರಿಯಾದನು. ಆದರೆ ಮನಸ್ಸೆಲ್ಲ ಯಂತ್ರಗಳಲ್ಲಿ. ಕಡೆಗೆ ಸರ್ಕಾರದವರು ಅವನಿಗೆ ಸಂಬಳಸಹಿತವಾಗಿ ರಜೆ ಕೊಟ್ಟು, ಮ್ಯಾನ್‌ಹೈಮ್ ಪಟ್ಟಣದಲ್ಲಿ ಅವನ ಪಾಡಿಗೆ ಅವನನ್ನು ಬಿಟ್ಟರು. ಇಂಥ ಭಾಗ್ಯವು ಎಲ್ಲ ಸಂಶೋಧಕರಿಗೂ ದೊರೆಯುವುದಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಮುಂದೆ ಅವನು ಪಟ್ಟ ಕಷ್ಟಗಳನ್ನು ಓದುವಾಗ ಇದನ್ನು ಮರೆಯಬಾರದು.

1813ರಲ್ಲಿ ಅವನು ಕುದುರೆಯಿಲ್ಲದೆ ನಡೆಯುವ ನಾಲ್ಕು ಚಕ್ರದ ಬಂಡಿಯೊಂದನ್ನು ಮಾಡಿದನು. ಒಳಗೆ ಕುಳಿತ ಆಳು ಕಾಲಿನಿಂದ ಅಚ್ಚನ್ನು ತುಳಿಯಬೇಕು, ಇನ್ನೊಬ್ಬನು ಚುಕ್ಕಾಣಿ ಹಿಡಿಯಬೇಕು. ವಿಯೆನ್ನಾ ನಗರದಲ್ಲಿ ರಾಜಮಹಾರಾಜರು ನೆಪೋಲಿಯನ್ನನ ಬಳಿಕದ ಯೂರೋಪನ್ನು ಹಂಚಿಕೊಳ್ಳಲು ಸೇರಿದ್ದಾಗ ಅಲ್ಲಿಗೂ ಅದನ್ನು ಒಯ್ದು ತೋರಿಸಿದನು. ಕೊಳ್ಳುವವರಾರೂ ಬರಲಿಲ್ಲ. ಬಂಡಿ ಭಾರವಾಗಿತ್ತು, ಆಗಿನ ರಸ್ತೆಗಳೋ ದೇವರಿಗೇ ಪ್ರೀತಿ. ತನ್ನ ಸಂಸ್ಥಾನದ ತಜ್ಞರಿಂದಲೂ ಅನುಕೂಲವಾದ ಅಭಿಪ್ರಾಯ ಬರಲಿಲ್ಲ. ಆತನು ಸೋತು ಮನೆಗೆ ಹಿಂದಿರುಗಿದನು.

ಈ ಮಧ್ಯೆ ಭೂಗೋಳದ ಇನ್ನೊಂದು ಮೂಲೆಯಲ್ಲಿ ದೊಡ್ಡದೊಂದು ಉತ್ಪಾತವಾಯಿತು. 1815ರ ಏಪ್ರಿಲ್ ತಿಂಗಳಲ್ಲಿ ಈಗಿನ ಇಂಡೋನೇಷ್ಯಾಕ್ಕೆ ಸೇರಿದ ಸುಂಬಾವಾ ದ್ವೀಪದ ತಂಬೋರಾ ಎಂಬ ಜ್ವಾಲಾಮುಖಿ ಸಿಡಿದು, ಹತ್ತಾರು ಸಾವಿರ ಜನ ಮಡಿದರು. ಅದರಿಂದೆದ್ದ ಗಂಧಕದ ಸೂಕ್ಷ್ಮ ಕಣಗಳು ವಾಯುಮಂಡಲದ ಮೇಲ್ಪದರದಲ್ಲಿ ಹರಡಿ ಬಿಸಿಲಿನ ತಾಪವನ್ನೇ ತಗ್ಗಿಸಿದುವು. ಮರುವರ್ಷ, ಎಂದರೆ 1816ರಲ್ಲಿ, ಪಶ್ಚಿಮ ಯೂರೋಪಿಗೆ ಬೇಸಗೆಯೇ ಬರಲಿಲ್ಲ. ಎಡೆಬಿಡದ ಮಳೆ, ಚಳಿ. ದಕ್ಷಿಣ ಜರ್ಮನಿಯಲ್ಲಿ ಪೈರು ಹೊಲದಲ್ಲೇ ಕೊಳೆಯಿತು. ಧಾನ್ಯದ ಬೆಲೆ ಗಗನಕ್ಕೇರಿತು. ಮನುಷ್ಯನಿಗೇ ಅನ್ನವಿಲ್ಲದಿರುವಾಗ ಕುದುರೆಗೆ ಓಟ್ಸ್ ಧಾನ್ಯವನ್ನು ಹಾಕುವವರಾರು? ಈ ಬರಗಾಲವೇ ಡ್ರೈಸನಿಂದ ಕುದುರೆ ಬೇಡದ ವಾಹನವನ್ನು ಮಾಡಿಸಿತೆಂದು ಜರ್ಮನ್ ಇತಿಹಾಸಕಾರ ಹಾನ್ಸ್ ಎರ್ಹಾರ್ಡ್ ಲೆಸ್ಸಿಂಗ್ ವಾದಿಸಿದ್ದಾರೆ. ಎಲ್ಲರೂ ಇದನ್ನು ಒಪ್ಪಿಲ್ಲ. ನಾಲ್ಕು ಚಕ್ರದ ಬಂಡಿಯು ಜ್ವಾಲಾಮುಖಿಗಿಂತ ಎರಡು ವರ್ಷ ಮೊದಲಿನದೆಂಬುದನ್ನು ನೆನೆದರೆ, ಹಂಬಲವು ಅವನಲ್ಲಿ ಮೊದಲೇ ಇತ್ತು, ಬರಗಾಲವು ಅದಕ್ಕೆ ಅವಸರ ತಂದಿರಬಹುದು ಎಂದು ನನಗೆ ತೋರುತ್ತದೆ.

ಏನೇ ಇರಲಿ, 1817ರ ಜೂನ್ 12ರಂದು ಮ್ಯಾನ್‌ಹೈಮಿನ ಜನ ಒಂದು ವಿಚಿತ್ರವನ್ನು ಕಂಡರು. ಆ ಊರಿನ ಹಳೆಯ ಭಾಗದಲ್ಲಿ ಬೀದಿಗಳಿಗೆ ಹೆಸರಿಲ್ಲ. ಚದುರಂಗದ ಮನೆಗಳಂತೆ ಅಕ್ಷರವೂ ಅಂಕಿಯೂ ಸೇರಿ ವಿಳಾಸವಾಗುತ್ತದೆ. ಅಂಥ ಮನೆಯೊಂದರಿಂದ ಹೊರಟ ಡ್ರೈಸನು ಎರಡು ಚಕ್ರಗಳನ್ನು ಒಂದರ ಹಿಂದೊಂದು ಜೋಡಿಸಿದ ಮರದ ಯಂತ್ರವನ್ನು ಕವೆಗಾಲು ಹಾಕಿ ಏರಿ, ನೆಲವನ್ನು ಎಡಗಾಲು ಬಲಗಾಲುಗಳಿಂದ ಒದೆಯುತ್ತ, ಶ್ವೆಟ್ಸಿಂಗೆನ್ ಅರಮನೆಯತ್ತ ಹೋಗುವ ನೇರವಾದ ಒಳ್ಳೆಯ ರಸ್ತೆಯನ್ನು ಹಿಡಿದನು. ದಾರಿಯಲ್ಲಿ ಅಂಚೆಗಾಡಿಗಳು ಕುದುರೆ ಬದಲಿಸುವ ಠಾಣೆಯವರೆಗೆ ಹೋಗಿ ಹಿಂದಿರುಗಿದನು. ಹೋಗಿಬರುವ ದಾರಿ ಸುಮಾರು 14 ಕಿಲೋಮೀಟರು. ಹಿಡಿದ ಕಾಲ ಒಂದು ಗಂಟೆಯ ಆಸುಪಾಸು. ನಡೆದು ಹೋಗುವವನಿಗೆ ಮೂರು ಗಂಟೆ ಬೇಕು. ಅಂಚೆಯ ಕುದುರೆಗಳು ಸುಧಾರಿಸಿಕೊಳ್ಳುವ ಠಾಣೆಯಿಂದಲೇ ಕುದುರೆಯಿಲ್ಲದ ಸವಾರನು ಹಿಂದಿರುಗಿದ್ದು ಒಂದು ಸೋಜಿಗ.

ಯಂತ್ರದ ವಿಷಯವನ್ನು ಕೊಂಚ ವಿವರಿಸುವುದು ಅಗತ್ಯ. ಪೆಡಲ್ಲಿಲ್ಲ, ಸರಪಳಿಯಿಲ್ಲ. ತೂಕ ಸುಮಾರು 22 ಕಿಲೋಗ್ರಾಂ. ಈಗಿನ ಸಾಧಾರಣ ಸೈಕಲ್ಲಿಗಿಂತ ಬಹಳ ಹೆಚ್ಚೇನೂ ಅಲ್ಲ. ಚಕ್ರಗಳು ಮರದವು, ಅವುಗಳ ಅಚ್ಚಿಗೆ ಹಿತ್ತಾಳೆಯ ಬಳೆ. ಕೂರಲು ಮೆತ್ತೆ, ಮುಂಗೈ ಊರಲು ಎದುರಿಗೊಂದು ಹಲಗೆ, ಹಿಂಚಕ್ರಕ್ಕೆ ಹಗ್ಗ ಎಳೆದು ಹಾಕುವ ತಡೆ. ಇದರಲ್ಲಿ ಎರಡು ಸೂಕ್ಷ್ಮಗಳಿವೆ. ನಡೆಯುವಾಗ ಪ್ರತಿ ಹೆಜ್ಜೆಗೂ ನಮ್ಮ ಮೈಭಾರವನ್ನು ನಾವೇ ಎತ್ತಿ ಇಳಿಸುತ್ತೇವೆ. ಆ ಶ್ರಮವೆಲ್ಲ ವ್ಯರ್ಥ. ಭಾರವನ್ನು ಚಕ್ರದ ಮೇಲೆ ಹೊರಿಸಿದೊಡನೆ ಕಾಲಿನ ಬಲವೆಲ್ಲ ಮುಂದೆ ಸಾಗುವುದಕ್ಕೇ ಉಳಿಯುತ್ತದೆ. ಎರಡನೆಯದು ಮುಂಚಕ್ರದ ಚುಕ್ಕಾಣಿ. ಬೀಳುವ ಕಡೆಗೇ ಚಕ್ರವನ್ನು ತಿರುಗಿಸಿದರೆ ಬೀಳುವುದಿಲ್ಲ. ಸೈಕಲ್ ಕಲಿತವರೆಲ್ಲರೂ ಮೊಣಕಾಲು ತರಚಿಕೊಂಡು ಅರಿತಿರುವ ಸತ್ಯವಿದು. ಆದರೆ 1817ಕ್ಕೆ ಮೊದಲು ಎರಡು ಚಕ್ರದ ಮೇಲೆ ಮನುಷ್ಯ ನಿಲ್ಲಬಲ್ಲನೆಂದು ನಂಬುವುದೇ ಕಷ್ಟವಾಗಿತ್ತು. ಫ್ರೆಂಚ್ ಸರದಾರನೊಬ್ಬನು 1791ರಲ್ಲಿಯೇ ಇಂಥದನ್ನು ಮಾಡಿದ್ದನೆಂದು ಹಲವು ಪುಸ್ತಕಗಳಲ್ಲಿ ಬರೆದಿದೆ. ಅದು ಫ್ರೆಂಚ್ ಲೇಖಕನೊಬ್ಬನು ನೂರು ವರ್ಷಗಳ ಬಳಿಕ ಹೆಣೆದ ಕಟ್ಟುಕಥೆಯೆಂದು ಈಗ ಸಿದ್ಧವಾಗಿದೆ.

1818ರ ಜನವರಿ 12ರಂದು ಬಾಡೆನ್ ದೊರೆಯು ಹತ್ತು ವರ್ಷಗಳ ಹಕ್ಕುಪತ್ರವನ್ನು ದಯಪಾಲಿಸಿ, ಯಂತ್ರಶಾಸ್ತ್ರದ ಪ್ರೊಫೆಸರ್ ಎಂಬ ಪದವಿಯನ್ನೂ ವಿಶ್ರಾಂತಿ ವೇತನವನ್ನೂ ಕೊಟ್ಟನು. ಪಾಠ ಹೇಳಬೇಕಾಗಿರಲಿಲ್ಲ; ಬರಿಯ ಗೌರವದ ಹುದ್ದೆ. (ನಮ್ಮ ಉಪನ್ಯಾಸಕ ಮಹಾಶಯರು ಇದನ್ನು ಓದಿ ನಿಟ್ಟುಸಿರಿಟ್ಟರೆ ತಪ್ಪಲ್ಲ.) ಆದರೆ ಆ ಹಕ್ಕು ಬಾಡೆನ್ನಿನ ಗಡಿ ದಾಟಿದೊಡನೆ ಕಾಗದದ ಚೂರು. ಲಂಡನ್ನಿನ ಗಾಡಿ ತಯಾರಕ ಡೆನಿಸ್ ಜಾನ್ಸನ್ 1818ರಲ್ಲಿಯೇ ತನ್ನ ಹೆಸರಿನಲ್ಲಿ ಹಕ್ಕು ಪಡೆದು ನೂರಾರು ಯಂತ್ರಗಳನ್ನು ಮಾಡಿ ಮಾರಿದನು. ಡ್ರೈಸನ ಕೈಗೆ ಅದರಿಂದ ಬಿಡಿಗಾಸೂ ಬರಲಿಲ್ಲ.

ಅಲ್ಲಿಂದ ಮುಂದೆ ನಡೆದದ್ದು ಇನ್ನೂ ವಿಷಾದಕರ. ಗಾಡಿಗಳ ಗಾಲಿ ಹರಿದು ಕೊರಕಲಾಗಿದ್ದ ರಸ್ತೆಯ ಮೇಲೆ ಎರಡು ಚಕ್ರ ನಿಲ್ಲುತ್ತಿರಲಿಲ್ಲ. ಆದುದರಿಂದ ಸವಾರರು ಪಾದಚಾರಿಗಳ ಹಾದಿಯನ್ನು ಏರಿದರು. ಪಾದಚಾರಿಗಳು ದೂರಿದರು. ಮ್ಯಾನ್‌ಹೈಮಿನಲ್ಲಿಯೇ ಮೊದಲು ನಿಷೇಧವಾಯಿತು. ಅನಂತರ ಮಿಲಾನ್, ಲಂಡನ್, ನ್ಯೂಯಾರ್ಕ್, ಕಡೆಗೆ ನಮ್ಮ ಕಲ್ಕತ್ತೆಯಲ್ಲಿಯೂ ಪ್ರತಿಬಂಧ ಹೊರಟಿತು. ಹೊಸ ವಾಹನಕ್ಕೆ ದಾರಿ ಬಿಡಬೇಕಾದದ್ದು ರಸ್ತೆಯೋ ಕಾಲ್ದಾರಿಯೋ ಎಂಬ ಜಗಳ ಇನ್ನೂರು ವರ್ಷಗಳಾದರೂ ತೀರಿಲ್ಲ. ಎರಡು ಮೂರು ವರ್ಷಗಳೊಳಗೆ ಫ್ಯಾಷನ್ನು ಇಳಿದುಹೋಯಿತು. ವ್ಯಂಗ್ಯಚಿತ್ರಕಾರರು ಮಾತ್ರ ಲಾಭ ಮಾಡಿಕೊಂಡರು.

ಇಷ್ಟರಲ್ಲಿ ರಾಜಕೀಯದ ಬಿರುಗಾಳಿಯೊಂದು ಅವನ ಮನೆಗೇ ಬಡಿಯಿತು. 1819ರ ಮಾರ್ಚ್ 23ರಂದು ಕಾರ್ಲ್ ಲುಡ್ವಿಗ್ ಸಾಂಡ್ ಎಂಬ ವಿದ್ಯಾರ್ಥಿಯು ನಾಟಕಕಾರ ಕೋಟ್ಸೆಬೂವನ್ನು ಮ್ಯಾನ್‌ಹೈಮಿನಲ್ಲಿ ಇರಿದು ಕೊಂದನು. ಕೋಟ್ಸೆಬೂ ಸ್ವಾತಂತ್ರ್ಯದ ದ್ರೋಹಿಯೆಂದು ಆ ಕಾಲದ ವಿದ್ಯಾರ್ಥಿಗಳ ಭಾವನೆ. ಡ್ರೈಸನ ತಂದೆ ಮುಖ್ಯ ನ್ಯಾಯಾಧಿಪತಿಯಾಗಿ ಕ್ಷಮಾದಾನಕ್ಕೆ ಶಿಫಾರಸು ಮಾಡಲಿಲ್ಲ. 1820ರ ಮೇ 20ರಂದು ಸಾಂಡನ ಶಿರಚ್ಛೇದವಾಯಿತು. ತಂದೆಯ ಮೇಲಿನ ಸಿಟ್ಟನ್ನು ವಿದ್ಯಾರ್ಥಿಗಳು ಮಗನ ಮೇಲೆ ತೀರಿಸಿಕೊಂಡರು. ಬೀದಿಯಲ್ಲಿ ಓಡುಯಂತ್ರದ ಮೇಲೆ ಬರುವವನಷ್ಟು ಸುಲಭವಾದ ಗುರಿ ಇನ್ನಾವುದಿದ್ದೀತು? ನಾವೂ ವಿದ್ಯಾರ್ಥಿಗಳೇ ಆದುದರಿಂದ ಈ ಪುಟವನ್ನು ಓದುವಾಗ ನನಗೆ ಸ್ವಲ್ಪ ನಾಚಿಕೆಯಾಯಿತು. ಕಿರುಕುಳ ತಾಳಲಾರದೆ ಅವನು 1822ರಲ್ಲಿ ಬ್ರೆಜಿಲ್ ದೇಶಕ್ಕೆ ಹೋಗಿ, ಲಾಂಗ್ಸ್‌ಡಾರ್ಫ್ ಎಂಬ ಪ್ರಕೃತಿವಿಜ್ಞಾನಿಯ ಎಸ್ಟೇಟಿನಲ್ಲಿ ಭೂಮಾಪಕನಾಗಿ ದುಡಿದು, 1827ರಲ್ಲಿ ಹಿಂದಿರುಗಿದನು.

ಹಿಂದಿರುಗಿದ ಮೇಲೂ ಅವನ ಕೈ ಸುಮ್ಮನಿರಲಿಲ್ಲ. ಅಕ್ಷರದ ಕೀಲಿಗಳುಳ್ಳ ಬರೆಯುವ ಯಂತ್ರ, ಮಾಂಸ ಕೊಚ್ಚುವ ಯಂತ್ರ, ಕಡಿಮೆ ಸೌದೆ ಉರಿಸಿ ಅಡುಗೆ ಮಾಡುವ ಒಲೆ: ಇವೆಲ್ಲ ಅವನ ಜೀವಮಾನದ ಕೆಲಸ. ಸೌದೆ ಉಳಿಸುವ ಒಲೆಯನ್ನು ಕಾಡಿನ ಅಧಿಕಾರಿಯಾಗಿದ್ದವನು ಮಾಡಿದುದು ನನಗೆ ಬಹಳ ಹಿಡಿಸಿದ ಸಂಗತಿ. ರೈಲು ಕಂಬಿಯ ಮೇಲೆ ಕಾಲಿನಿಂದ ನಡೆಸುವ ಗಾಡಿಯನ್ನೂ ಮಾಡಿದನು. ನಮ್ಮಲ್ಲಿ ಕಂಬಿ ತಪಾಸಣೆಯ ಟ್ರಾಲಿ ಎಂದು ಕರೆಯುವ ವಾಹನಕ್ಕೆ ಜರ್ಮನ್, ಫ್ರೆಂಚ್ ಭಾಷೆಗಳಲ್ಲಿ ಇಂದಿಗೂ ಅವನ ಹೆಸರಿನಿಂದ ಹುಟ್ಟಿದ ಡ್ರೈಸೀನ್ ಎಂಬ ಪದವೇ ಬಳಕೆಯಲ್ಲಿದೆ.

ತಂದೆ 1830ರಲ್ಲಿ ತೀರಿಕೊಂಡ ಮೇಲೆ ಆಸರೆ ತಪ್ಪಿತು. ಕುಡಿತವೂ ಅಂಟಿಕೊಂಡಿತು, ಮುಚ್ಚಿಟ್ಟು ಫಲವಿಲ್ಲ. ಕೆಲವು ವರ್ಷ ಓಡೆನ್‌ವಾಲ್ಡ್ ಬೆಟ್ಟಗಳ ಹಳ್ಳಿಯೊಂದರಲ್ಲಿ ತಲೆಮರೆಸಿಕೊಂಡಿದ್ದು, 1845ರಲ್ಲಿ ಹುಟ್ಟೂರಿಗೆ ಬಂದನು. 1849ರಲ್ಲಿ ಬಾಡೆನ್ನಿನ ಪ್ರಜೆಗಳು ದೊರೆಯ ವಿರುದ್ಧ ಎದ್ದಾಗ, ಅರುವತ್ತನಾಲ್ಕರ ಈ ಮುದುಕನು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಬ್ಯಾರನ್ ಪದವಿಯನ್ನು ತ್ಯಜಿಸಿ, ಇನ್ನು ಮುಂದೆ ತಾನು ಬರಿಯ ನಾಗರಿಕ ಕಾರ್ಲ್ ಡ್ರೈಸನೆಂದು ಸಾರಿದನು. ಯಾವ ವಿದ್ಯಾರ್ಥಿಗಳು ಅವನನ್ನು ಹಳೆಯ ಪ್ರಭುತ್ವದ ಕುಡಿಯೆಂದು ಹಳಿದಿದ್ದರೋ ಅವರ ಆದರ್ಶಕ್ಕೆ ಅವನೇ ತನ್ನ ಬಿರುದನ್ನು ತೆತ್ತನು. ಕೆಲವೇ ವಾರಗಳಲ್ಲಿ ಪ್ರಷ್ಯದ ಸೈನ್ಯವು ದಂಗೆಯನ್ನು ಅಡಗಿಸಿತು. ಡ್ರೈಸನನ್ನು ಹುಚ್ಚನೆಂದು ಘೋಷಿಸುವ ಯತ್ನ ನಡೆಯಿತು. ಕ್ರಾಂತಿಯ ವೆಚ್ಚಕ್ಕೆಂದು ಅವನ ವಿಶ್ರಾಂತಿ ವೇತನವನ್ನು ಕಿತ್ತುಕೊಂಡರು. 1851ರ ಡಿಸೆಂಬರ್ 10ರಂದು ಕಾರ್ಲ್ಸ್‌ರೂಹೆಯಲ್ಲಿ ಕೈಯಲ್ಲಿ ಕಾಸಿಲ್ಲದೆ ಸತ್ತನು.

ಪೆಡಲ್ಲುಳ್ಳ ಸೈಕಲ್ಲು ಪ್ಯಾರಿಸ್ಸಿನಲ್ಲಿ ಕಾಣಿಸಿಕೊಂಡದ್ದು 1860ರ ದಶಕದಲ್ಲಿ. ಸರಪಳಿಯಿಂದ ಹಿಂಚಕ್ರ ತಿರುಗುವ ಇಂದಿನ ಮಾದರಿ ಇಂಗ್ಲೆಂಡಿನಲ್ಲಿ 1885ರಲ್ಲಿ. ಡನ್‌ಲಪ್ಪನ ಗಾಳಿಯ ಟೈರು 1888ರಲ್ಲಿ. ಆಗ ಜರ್ಮನಿಯ ಸೈಕಲ್ ಸವಾರರಿಗೆ ತಮ್ಮ ಹಿರಿಯನ ನೆನಪಾಯಿತು. 1891ರಲ್ಲಿ ಅವನ ಅಸ್ಥಿಗಳನ್ನು ಊರಿನ ದೊಡ್ಡ ಶ್ಮಶಾನಕ್ಕೆ ಸಾಗಿಸಿದರು. 2017ರಲ್ಲಿ ಮೊದಲ ಸವಾರಿಗೆ ಇನ್ನೂರು ವರ್ಷ ತುಂಬಿದಾಗ ಜರ್ಮನ್ ಸರ್ಕಾರವು ಓಡುಯಂತ್ರದ ಸ್ಮರಣೆಗಾಗಿ 20 ಯೂರೋ ಬೆಲೆಯ ಬೆಳ್ಳಿ ನಾಣ್ಯವನ್ನು ಹೊರಡಿಸಿತು.

ಡ್ರೈಸನು ಕೊನೆಯುಸಿರೆಳೆದ ಮನೆಯಿಂದ ಎರಡು ಬೀದಿಗಳಾಚೆ ಆಗ ಏಳು ವರ್ಷದ ಬಾಲಕನೊಬ್ಬನು ಬೆಳೆಯುತ್ತಿದ್ದನು. ಆ ಬಾಲಕನು ದೊಡ್ಡವನಾದ ಮೇಲೆ ತಾನೂ ಸೈಕಲ್ ಸವಾರಿ ಮಾಡಿದನು. 1886ರಲ್ಲಿ ಸೈಕಲ್ಲಿನಂಥ ತಂತಿಕಡ್ಡಿಯ ಮೂರು ಚಕ್ರಗಳ ಮೇಲೆ ಪೆಟ್ರೋಲಿಯಂ ಎಣ್ಣೆಯಿಂದ ಓಡುವ ಎಂಜಿನ್ನನ್ನು ಕೂರಿಸಿ, ಮೋಟಾರು ಕಾರಿನ ಹಕ್ಕುಪತ್ರ ಪಡೆದನು. ಅವನ ಹೆಸರು ಕಾರ್ಲ್ ಬೆನ್ಜ್.