ಗಾಮಾ ಪೈಲ್ವಾನ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಜಾತ್ರೆಯ ಕುಸ್ತಿಯಲ್ಲಿ ಎದುರಾಳಿಯ ಬೆನ್ನಿಗೆ ಮಣ್ಣು ತಾಗಿಸಿದವನೇ ಗೆದ್ದವನು. ಪಂಜಾಬಿನಲ್ಲಿ 1878ರಲ್ಲಿ ಜನಿಸಿದ ಗಾಮಾ ಪೈಲ್ವಾನನ ಕೀರ್ತಿಯನ್ನೂ ಜನ ಇದೇ ಅಳತೆಗೋಲಿನಿಂದ ಅಳೆದರು.

1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ಪೋಲೆಂಡಿನ ಮಲ್ಲ ಜಿಬಿಸ್ಕೊನೊಡನೆ ಎರಡೂವರೆ ಗಂಟೆಗೂ ಮೀರಿ ಕಾದಾಟ ನಡೆಯಿತು. ಜಿಬಿಸ್ಕೊ ಬಹುಹೊತ್ತು ಬೋರಲಾಗಿ ಚಾಪೆಗೆ ಅಂಟಿಕೊಂಡೇ ಇದ್ದನು, ಕುಸ್ತಿ ಸಮವಾಯಿತು. ಒಂದು ವಾರದ ಬಳಿಕ ಅವನು ಕಣಕ್ಕೇ ಬರಲಿಲ್ಲ. ಜಗಜ್ಜೇತನ ಪಟ್ಟ ಗಾಮಾನಿಗೆ ದೊರೆಯಿತು. ಆದರೆ ಬಾರದವನ ಮೇಲಿನ ಗೆಲುವು ಗೆಲುವೇ ಎಂಬ ವಾದ ಉಳಿಯಿತು.

1928ರಲ್ಲಿ ಜಿಬಿಸ್ಕೊ ಪಟಿಯಾಲಕ್ಕೆ ಬಂದನು. ಈ ಸಲ ಕಾಲಡಿಯಲ್ಲಿ ಚಾಪೆಯಿರಲಿಲ್ಲ, ಮಣ್ಣಿತ್ತು. ನಿಮಿಷ ತುಂಬುವ ಮೊದಲೇ ಅವನ ಬೆನ್ನು ನೆಲ ಕಂಡಿತು. ಮುಪ್ಪಿನವನನ್ನು ಕೆಡವಿದ್ದು ಹೆಚ್ಚುಗಾರಿಕೆಯಲ್ಲವೆಂದು ಹಳಿಯುವವರು, ಗಾಮಾನಿಗೂ ಆಗ ಐವತ್ತು ಸಮೀಪಿಸಿತ್ತೆಂಬುದನ್ನು ಮರೆಯುತ್ತಾರೆ. 1960ರಲ್ಲಿ ಲಾಹೋರಿನಲ್ಲಿ ಗಾಮಾ ತೀರಿಕೊಂಡನು.